ಮುಂದಿನ ಸಂಪುಟಕ್ಕೆ ಕಾದ ಬೆಲ್ಲದ ವರ್ತಕ

“ಗುರುಗಳೇ, ಈಗ ಬದುಕಿರುವ ಲೇಖಕರಲ್ಲಿ ಯಾರ ಮುಂದಿನ ಪುಸ್ತಕಕ್ಕೆ ನಾವು ಹೆಚ್ಚು ಆಸೆಯಿಂದ ಕಾಯಬೇಕು?” ಎಂದು ಗುರುಪಾದ ಕೇಳಿದ.

ಗುರುಪಾದ ಮಠದ ಶಿಷ್ಯರಲ್ಲೆಲ್ಲ ದೊಡ್ಡ ಓದುಗ. ಆ ದಿನ ಬೆಳಗ್ಗೆ ಬಾವಿಕಟ್ಟೆಯಲ್ಲಿ ಇದೇ ಪ್ರಶ್ನೆಗೆ ಜಗಳವಾಗಿತ್ತು. ಒಬ್ಬನು ಒಬ್ಬ ಲೇಖಕನ ಹೆಸರು ಹೇಳಿದ್ದ, ಇನ್ನೊಬ್ಬ ಮತ್ತೊಬ್ಬನದು. ಕೊಡಗಳು ತುಂಬದೆ ಉಳಿದವು, ಯಾರೂ ಸೋಲಲಿಲ್ಲ. ಕೊನೆಗೆ ತೀರ್ಪು ತರಲೆಂದು ಗುರುಪಾದನನ್ನು ಗುರು ಮುಪ್ಪಯ್ಯನವರ ಬಳಿಗೆ ಅಟ್ಟಿದ್ದರು.

ಮುಪ್ಪಯ್ಯನವರು ಜಗುಲಿಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

“ನಾನು ಬರೆದಿದ್ದರೆ ನನ್ನದಕ್ಕೇ ಕಾಯಿರಿ ಅನ್ನುತ್ತಿದ್ದೆ,” ಎಂದರು. “ಬರೆಯುವುದೊಂದನ್ನು ಬಿಟ್ಟು ಲೇಖಕನಿಗೆ ಬೇಕಾದ ಗುಣಗಳೆಲ್ಲ ನನ್ನಲ್ಲಿವೆ. ಇನ್ನು ಓದುವುದರಲ್ಲಂತೂ ಕೇಳಲೇಬೇಡ. ನಾನು ಓದದ ಪುಸ್ತಕ ಅಂತ ಯಾವುದಾದರೂ ಇದ್ದರೆ, ಅದನ್ನು ಇನ್ನೂ ಯಾರೂ ಬರೆದಿಲ್ಲ ಅಂತಲೇ ತಿಳಿದುಕೋ.”

“ಹಾಗಾದರೆ ತೀರ್ಪನ್ನು ತಾವೇ ಹೇಳಬೇಕು,” ಎಂದು ಗುರುಪಾದ ನಕ್ಕ.

“ಹೇಳುತ್ತೇನೆ, ಕೂತುಕೋ. ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. ನಿಜಕ್ಕೆ ಒಂದಿಷ್ಟು ಒಗ್ಗರಣೆ ಹಾಕುತ್ತೇನೆ, ಅಷ್ಟೆ.”

ಗುರುಗಳು ಎಲೆಯನ್ನು ಬಾಯಿಗಿಟ್ಟುಕೊಂಡು ಕತೆ ತೆಗೆದರು.

ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ಬೆಲ್ಲದ ವರ್ತಕ. ಸಂಜೆ ವ್ಯಾಪಾರ ಮುಗಿದ ಮೇಲೆ ಅವನ ಅಂಗಡಿಯ ಮುಂದೆ ಜನ ಸೇರುತ್ತಿದ್ದರು. ಒಬ್ಬ ಪುಸ್ತಕ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು. ಎಲ್ಲ ಪುಸ್ತಕವೂ ಅಲ್ಲ. ಪಕ್ಕದ ಊರಿನ ಒಬ್ಬ ಲೇಖಕ ಬರೆಯುತ್ತಿದ್ದ ಒಂದು ದೊಡ್ಡ ಕತೆ. ಅದು ಸಂಪುಟ ಸಂಪುಟವಾಗಿ ಬರುತ್ತಿತ್ತು. ಒಂದು ಸಂಪುಟ ಮುಗಿದರೆ ಇನ್ನೊಂದು ಬರುವ ತನಕ ಆ ಪೇಟೆಯವರಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಆ ಲೇಖಕ ಒಮ್ಮೆ ಕೆಮ್ಮಿದನೆಂದು ಸುದ್ದಿ ಬಂದರೆ ಸಾಕು, ಪೇಟೆಗೆ ಪೇಟೆಯೇ ಕಷಾಯ ಕಾಸಿಕೊಂಡು ಅವನ ಮನೆಯ ಮುಂದೆ ಸಾಲುಗಟ್ಟುತ್ತಿತ್ತು. ಅಷ್ಟು ಕಷಾಯ ಕುಡಿದೂ ಆ ಮನುಷ್ಯ ಬದುಕಿ ಉಳಿದದ್ದೇ ಅವನ ಆಯುಸ್ಸು ಗಟ್ಟಿ ಎನ್ನುವುದಕ್ಕೆ ಸಾಕ್ಷಿ.

ಓದುವುದು ಒಳ್ಳೆಯದೇ. ಆದರೆ ಆ ಪೇಟೆಯವರು ಓದಿ ಸುಮ್ಮನಿರುತ್ತಿರಲಿಲ್ಲ, ಓದಿದ ಹಾಗೇ ನಡೆಯುತ್ತಿದ್ದರು. ಒಂದು ಸಂಪುಟದಲ್ಲಿ ಕತೆಯ ನಾಯಕ ಬದನೆಕಾಯಿ ತಿನ್ನುವುದನ್ನು ಬಿಟ್ಟ. ಮಾರನೆಯ ದಿನದಿಂದ ಪೇಟೆಯಲ್ಲಿ ಬದನೆಕಾಯಿಯನ್ನು ಮೂಸುವವರಿಲ್ಲ. ಬೆಳೆದವರು ಬುಟ್ಟಿ ಹೊತ್ತುಕೊಂಡು ಲೇಖಕನ ಮನೆಗೇ ಹೋದರು. “ಸ್ವಾಮಿ, ಮುಂದಿನ ಸಂಪುಟದಲ್ಲಿ ಅವನಿಗೆ ಒಂದು ಎಣ್ಣೆಗಾಯಿಯನ್ನಾದರೂ ತಿನ್ನಿಸಿ, ನಿಮ್ಮ ಕಾಲಿಗೆ ಬೀಳುತ್ತೇವೆ,” ಎಂದರು. ಲೇಖಕ ಮರುಗಿ ತಿನ್ನಿಸಿದ. ಆ ವರ್ಷ ಪೇಟೆಯಲ್ಲಿ ಬೀಜಕ್ಕೆಂದು ಒಂದು ಬದನೆಕಾಯಿಯೂ ಉಳಿಯಲಿಲ್ಲ.

ಹೀಗೆ, ಏನನ್ನಾದರೂ ಮಾಡುವ ಮೊದಲು ಪುಸ್ತಕದಲ್ಲಿ ಏನಾಯಿತೆಂದು ನೋಡುವುದು ಅಲ್ಲಿಯವರ ಪದ್ಧತಿಯೇ ಆಯಿತು.

ಆ ಕತೆ ಇಬ್ಬರು ಅಣ್ಣತಮ್ಮಂದಿರದು. ಅವರು ಜಗಳವಾಡಿ ಮಾತು ಬಿಟ್ಟಿದ್ದರು. ಕಡೆಗೆ ಬಂದ ಸಂಪುಟದ ಕೊನೆಯ ಪುಟದಲ್ಲಿ ಅಣ್ಣ ತಮ್ಮನ ಮನೆಗೆ ಹೋದ. ಬಾಗಿಲು ಹಾಕಿತ್ತು. ತಟ್ಟಲೆಂದು ಕೈ ಎತ್ತಿದ. ಅಲ್ಲಿಗೆ ಸಂಪುಟ ಮುಗಿದಿತ್ತು.

ಮುಂದಿನದು ಬರಲೇ ಇಲ್ಲ. ಒಂದು ವರ್ಷ ಹೋಯಿತು, ಇನ್ನೊಂದೂ ಹೋಯಿತು. ಪೇಟೆ ಎರಡು ಪಂಗಡವಾಯಿತು. ತಟ್ಟುತ್ತಾನೆ ಅನ್ನುವವರು ಒಂದು ಕಡೆ, ತಟ್ಟುವುದಿಲ್ಲ ಅನ್ನುವವರು ಇನ್ನೊಂದು ಕಡೆ. ನಿಶ್ಚಯವಾಗಿದ್ದ ಒಂದು ಮದುವೆ ಇದರಿಂದಲೇ ಮುರಿದುಬಿತ್ತು. “ತಟ್ಟುವುದಿಲ್ಲ ಅನ್ನುವವರ ಮನೆಗೆ ಹೆಣ್ಣು ಕೊಟ್ಟರೆ, ನಾಳೆ ನಾವು ಮಗಳನ್ನು ನೋಡಲು ಹೋದಾಗ ಬಾಗಿಲಾದರೂ ತೆಗೆಯುತ್ತಾರೆಯೇ?” ಎಂದು ಹೆಣ್ಣಿನ ತಂದೆ ಕೇಳಿದ.

ಬೆಲ್ಲದ ವರ್ತಕ ಯಾವ ಪಂಗಡಕ್ಕೂ ಸೇರಲಿಲ್ಲ. ಜನ ವಾದಿಸುವಾಗ ಅವನು ತಕ್ಕಡಿಯನ್ನು ಒರೆಸುತ್ತ ಕೂತಿರುತ್ತಿದ್ದ. ಎಲ್ಲರೂ ಎದ್ದುಹೋದ ಮೇಲೆ ಆ ಕೊನೆಯ ಪುಟವನ್ನು ತೆಗೆದು ಮತ್ತೆ ಓದುತ್ತಿದ್ದ.

ಅವನಿಗೂ ಒಬ್ಬ ತಮ್ಮನಿದ್ದ.

ಅವರಿಬ್ಬರ ಮಾತು ನಿಂತದ್ದು ವರ್ತಕನ ಮಗಳ ಮದುವೆಯಲ್ಲಿ. ಬೀಗರೆಲ್ಲ ಊಟದ ಪಂಕ್ತಿಯಲ್ಲಿ ಕೂತಿದ್ದರು. ವರ್ತಕ ಬೆಳಗಿನಿಂದ ಓಡಾಡಿ ಬೆಂಡಾಗಿದ್ದ. ತಮ್ಮ ಆಗ ತಾನೇ ಬಂದು ಎಲೆಯ ಮುಂದೆ ಕೂತು ಅನ್ನ ಕಲಸುತ್ತಿದ್ದ. ವರ್ತಕನ ಬಾಯಿ ತಡೆಯಲಿಲ್ಲ. “ಕೆಲಸಕ್ಕೆ ಕಾಣಲಿಲ್ಲ, ಊಟಕ್ಕೆ ಮಾತ್ರ ಸರಿಯಾದ ಹೊತ್ತಿಗೆ ಬಂದೆಯಲ್ಲಪ್ಪ,” ಎಂದುಬಿಟ್ಟ. ತಮ್ಮ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟು ಎದ್ದ. ಕೈ ತೊಳೆದು ಹೊರಟುಹೋದ. ಬೆಳಗಿನಿಂದ ಹಿತ್ತಲಿನಲ್ಲಿ ಅಡುಗೆಯವರ ಜೊತೆ ಒಲೆಯ ಮುಂದೆ ನಿಂತಿದ್ದವನು ಅವನೇ ಎಂದು ವರ್ತಕನಿಗೆ ಗೊತ್ತಾದದ್ದು ಬೀಗರು ಹೋದ ಮೇಲೆ.

ಆಮೇಲೆ ಮನೆಯ ನಡುವೆ ಗೋಡೆ ಎದ್ದಿತು. ಆಚೆ ತಮ್ಮ, ಈಚೆ ಅಣ್ಣ. ತಮ್ಮ ಸೀನಿದರೆ ಅಣ್ಣನಿಗೆ ಕೇಳಿಸುತ್ತಿತ್ತು, ಆದರೆ ಮಾತಿಲ್ಲ. ಅಣ್ಣನಾದವನು ತಮ್ಮನ ಮುಂದೆ ನಿಂತು ತಪ್ಪಾಯಿತು ಅನ್ನುವುದು ಹೇಗೆ? ಅದು ಆ ಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ.

“ಸಂಪುಟ ಬರಲಿ,” ಎಂದು ವರ್ತಕ ಹೆಂಡತಿಗೆ ಹೇಳುತ್ತಿದ್ದ. “ಅವನು ತಟ್ಟಿದರೆ ನಾನೂ ತಟ್ಟುತ್ತೇನೆ. ಅವನು ತಟ್ಟಿ ಮುಖ ಮುರಿಸಿಕೊಂಡರೆ ನನ್ನ ಮರ್ಯಾದೆಯಾದರೂ ಉಳಿಯುತ್ತದೆ.”

“ಪುಸ್ತಕದ ಅಣ್ಣ ಕೈಯನ್ನಾದರೂ ಎತ್ತಿದ,” ಎಂದಳು ಹೆಂಡತಿ. “ನೀವು?”

ವರ್ತಕ ಎದ್ದು ಅಂಗಡಿಗೆ ಹೋದ.

ಅಷ್ಟರಲ್ಲಿ ಒಂದು ಸುದ್ದಿ ಹಬ್ಬಿತು. ತಮ್ಮ ತನ್ನ ಅರ್ಧ ಮನೆಯನ್ನು ಬಿಟ್ಟು, ಹೆಂಡತಿಯ ಊರಿಗೆ ಹೋಗಿ ನೆಲೆಸುತ್ತಾನಂತೆ. ಗಾಡಿಯವನಿಗೂ ಹೇಳಿಯಾಗಿದೆಯಂತೆ. ಕೇಳಿದ ವರ್ತಕನಿಗೆ ಕೈಯಲ್ಲಿದ್ದ ಬೆಲ್ಲದ ಅಚ್ಚು ಕಲ್ಲಿನಷ್ಟು ಭಾರವಾಯಿತು. ತಮ್ಮ ಹೋದ ಮೇಲೆ ಯಾವ ಸಂಪುಟ ಬಂದರೆ ಏನು? ತಟ್ಟುವುದಕ್ಕೆ ಬಾಗಿಲಿರುತ್ತದೆ, ತೆಗೆಯುವುದಕ್ಕೆ ಜನವಿರುವುದಿಲ್ಲ. ಅವನು ಅಂಗಡಿ ಮುಚ್ಚಿ ಬೆಲ್ಲದ ಗಂಟೊಂದನ್ನು ಹೆಗಲಿಗೆ ಹಾಕಿಕೊಂಡು ಲೇಖಕನ ಊರಿನ ದಾರಿ ಹಿಡಿದ.

ಲೇಖಕ ಹಿತ್ತಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಹೆಜ್ಜೆಯ ಸದ್ದು ಕೇಳಿ ತಲೆ ಎತ್ತದೆಯೇ, “ಬರೆಯುತ್ತಿದ್ದೇನೆ, ಬರೆಯುತ್ತಿದ್ದೇನೆ,” ಎಂದ. ಕರು ಬಂದು ಮೂಸಿದರೂ ಹಾಗೆನ್ನುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

“ಸ್ವಾಮಿ, ನನಗೆ ಇಡೀ ಪುಸ್ತಕ ಬೇಡ,” ಎಂದ ವರ್ತಕ. “ಒಂದೇ ಮಾತು ಹೇಳಿ. ತಟ್ಟುತ್ತಾನೋ, ಇಲ್ಲವೋ?”

“ನಿಮಗೇಕೆ ಇಷ್ಟು ಅವಸರ?”

ವರ್ತಕ ಎಲ್ಲವನ್ನೂ ಹೇಳಿದ. ಪಂಕ್ತಿ, ಎಲೆಯಲ್ಲಿ ಉಳಿದ ತುತ್ತು, ಒಲೆ, ಗೋಡೆ, ಗಾಡಿ. ಕೇಳುತ್ತ ಕೇಳುತ್ತ ಲೇಖಕನ ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಾಗಿ ಕೂತ.

“ಆಮೇಲೆ?” ಎಂದ.

“ಆಮೇಲೆ ಏನಿಲ್ಲ. ನಿಮ್ಮ ಪುಸ್ತಕಕ್ಕೆ ಕಾದೆ.”

ಲೇಖಕ ಕೈಯಲ್ಲಿ ಉಳಿದಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದ. ಆಮೇಲೆ, “ಯಜಮಾನರೇ, ನಾನು ನನ್ನ ತಾಯಿಗೆ ಒಬ್ಬನೇ ಮಗ,” ಎಂದ. “ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಜಗಳ ಬರೆಯುವುದು ನನಗೆ ಕಷ್ಟವಾಗಲಿಲ್ಲ, ಜನ ಜಗಳವನ್ನು ಬೀದಿಯಲ್ಲೇ ಆಡುತ್ತಾರೆ. ರಾಜಿಯಾಗುವಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಮೊದಲ ಮಾತು ಯಾರು ಆಡುತ್ತಾರೆ, ಏನು ಆಡುತ್ತಾರೆ, ನನಗೇನು ಗೊತ್ತು? ಗೊತ್ತಿಲ್ಲದ್ದನ್ನು ಬರೆದರೆ ನಿಮ್ಮವರು ಅದನ್ನೇ ನಂಬಿ ನಡೆಯುತ್ತಾರೆ. ಬದನೆಕಾಯಿಯ ವಿಷಯದಲ್ಲೇ ನನಗೆ ಬುದ್ಧಿ ಬಂದಿದೆ. ನೀವು ಹೋಗಿ ಬನ್ನಿ. ಏನಾಯಿತು ಅಂತ ನನಗೆ ಹೇಳಿ. ಅಲ್ಲಿಯ ತನಕ ನಾನು ಕಾಯುತ್ತೇನೆ.”

ವರ್ತಕನಿಗೆ ಸಿಟ್ಟು ಬಂತು. ಬರೆಯುವುದು ಅವನ ಕೆಲಸ, ನನ್ನ ತಲೆಗೆ ಕಟ್ಟಿದನಲ್ಲ ಎಂದು ಅರ್ಧ ದಾರಿ ಗೊಣಗಿಕೊಂಡ. ಉಳಿದ ಅರ್ಧ ದಾರಿ ಮೊದಲ ಮಾತನ್ನು ಹುಡುಕಿದ. ‘ತಮ್ಮಾ, ನಾನು ಅರಿಯದೆ ಆಡಿದ ನುಡಿ’ ಎಂದು ಒಂದು ಸಲ ಹೇಳಿ ನೋಡಿದ. ‘ಒಡಹುಟ್ಟಿದವರ ನಡುವೆ ಗೋಡೆಯೇ’ ಎಂದು ಇನ್ನೊಂದು ಸಲ. ಏನು ಹೇಳಿದರೂ ಅಂಗಡಿಯ ಮುಂದೆ ಕೂತು ಗಟ್ಟಿಯಾಗಿ ಓದಿದ ಹಾಗೆ ಕೇಳಿಸಿತು. ಅವನಿಗೇ ನಾಚಿಕೆಯಾಯಿತು.

ಪೇಟೆಗೆ ಬಂದಾಗ ತಮ್ಮನ ಮನೆಯ ಮುಂದೆ ಗಾಡಿ ನಿಂತಿತ್ತು. ಎರಡು ಪಂಗಡದವರೂ ನೆರೆದಿದ್ದರು. ವರ್ತಕ ಲೇಖಕನನ್ನು ಕಂಡು ಬಂದನೆಂಬುದು ಹೇಗೋ ಅವರಿಗೆ ತಿಳಿದಿತ್ತು.

“ಏನಂದರು? ತಟ್ಟುತ್ತಾನಂತೋ?” ಎಂದು ಮುತ್ತಿಕೊಂಡರು.

ವರ್ತಕ ಅವರನ್ನು ಸರಿಸಿ ತನ್ನ ಬಾಗಿಲನ್ನು ದಾಟಿ ತಮ್ಮನ ಬಾಗಿಲಿಗೆ ಹೋದ. ಕೈ ಎತ್ತಿದ.

ತಟ್ಟುವುದಕ್ಕೆ ಬಾಗಿಲೇ ಇರಲಿಲ್ಲ. ಮಂಚ ಪೆಟ್ಟಿಗೆಗಳನ್ನು ಹೊರಗೆ ಸಾಗಿಸಲೆಂದು ಎರಡೂ ಕದಗಳನ್ನು ಹಾರುಹೊಡೆದು ಇಟ್ಟಿದ್ದರು. ಎರಡು ವರ್ಷ ವಾದ ಮಾಡಿದ ಪಂಡಿತರಲ್ಲಿ ಒಬ್ಬನಿಗೂ ಬಾಗಿಲು ತೆಗೆದಿರಬಹುದು ಎಂದು ಹೊಳೆದಿರಲಿಲ್ಲ. ವರ್ತಕ ಎತ್ತಿದ ಕೈಯನ್ನು ಇಳಿಸಲು ತಿಳಿಯದೆ ಹಾಗೆಯೇ ನಿಂತ.

ತಮ್ಮ ಒಳಗಿನಿಂದ ತಾಮ್ರದ ಹಂಡೆಯನ್ನು ಹೊತ್ತು ಬಂದ. ಅಣ್ಣನನ್ನು ಕಂಡು ನಿಂತ.

“ಏನಣ್ಣಾ, ಕೈ ಎತ್ತಿಕೊಂಡು ನಿಂತಿದ್ದೀಯ? ಹೊಡೆಯೋದಾದರೆ ತಡಿ, ಹಂಡೆ ಇಳಿಸ್ತೀನಿ.”

ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ವರ್ತಕನ ನೆನಪಿಗೆ ಬರಲಿಲ್ಲ.

“ಊಟ ಆಯ್ತಾ?” ಎಂದುಬಿಟ್ಟ.

ತಮ್ಮನನ್ನು ಲೋಕದಲ್ಲಿ ಏನು ಬೇಕಾದರೂ ಕೇಳಬಹುದಿತ್ತು, ಇದೊಂದನ್ನು ಬಿಟ್ಟು. ತಮ್ಮ ಹಂಡೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

“ಇಲ್ಲ,” ಎಂದ. “ಅವತ್ತು ಎದ್ದವನು ಇನ್ನೂ ಕೂತಿಲ್ಲ.”

“ತಪ್ಪು ನಂದು ಕಣೋ. ಬಾ, ಕೂತ್ಕೋ.”

“ನಿನ್ನ ಮನೇಲೋ, ನನ್ನ ಮನೇಲೋ?”

“ಯಾರ ಮನೇಲಿ ಸಾರು ಬಿಸಿ ಇದೆಯೋ ಅಲ್ಲಿ.”

ಇಬ್ಬರೂ ವರ್ತಕನ ಮನೆಯೊಳಗೆ ಹೋದರು. ಬಾಗಿಲು ಹಾಕಿಕೊಂಡಿತು. ಎರಡು ಪಂಗಡದವರೂ ಹೊರಗೆ ಉಳಿದರು. ಕದಕ್ಕೆ ಕಿವಿ ಇಟ್ಟವರಿಗೂ ಬಳೆಯ ಸದ್ದು, ಬಟ್ಟಲಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ. “ಸಾಮಾನು ಏರಿಸೋದೋ, ಇಳಿಸೋದೋ?” ಎಂದು ಗಾಡಿಯವನು ಕೂಗಿದ. ಕಡೆಗೆ ಅವನೇ ಎತ್ತುಗಳನ್ನು ನೊಗದಿಂದ ಬಿಚ್ಚಿ ಹುಲ್ಲು ಹಾಕಿದ.

ಲೇಖಕ ಕಾದ. ಪೇಟೆಯವರಿಗೆ ಕಾದು ಅಭ್ಯಾಸವಿತ್ತು, ಅವನಿಗಿರಲಿಲ್ಲ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಯಾರು ಬಂದರೂ ಬೆಲ್ಲದ ವರ್ತಕನಿರಬೇಕೆಂದು ಓಡಿ ಬಂದು ನೋಡುತ್ತಿದ್ದ. ಕಡೆಗೆ ತಡೆಯಲಾರದೆ ತಾನೇ ಹೊರಟು ವರ್ತಕನ ಅಂಗಡಿಗೆ ಬಂದ. ಅಂಗಡಿಯಲ್ಲಿ ಜನ ತುಂಬಿದ್ದರು. ಅಣ್ಣ ತೂಗುತ್ತಿದ್ದ, ತಮ್ಮ ಕಟ್ಟಿಕೊಡುತ್ತಿದ್ದ.

“ಮುಂದೇನಾಯಿತು?” ಎಂದು ಲೇಖಕ ಜನರ ಹಿಂದಿನಿಂದ ಕೂಗಿ ಕೇಳಿದ.

“ಇನ್ನೂ ನಡೀತಾ ಇದೆ ಸ್ವಾಮಿ,” ಎಂದ ವರ್ತಕ, ತಕ್ಕಡಿಯಿಂದ ಕಣ್ಣು ತೆಗೆಯದೆ. “ನಿನ್ನೆ ಮತ್ತೆ ಜಗಳ ಆಯ್ತು.”

“ಅಯ್ಯೋ! ಯಾತಕ್ಕೆ?”

“ಗೋಡೆ ಯಾವ ಕಡೆಯಿಂದ ಕೆಡವೋದು ಅಂತ. ನನ್ನ ಕಡೆಯಿಂದ ಶುರು ಮಾಡು ಅಂತ ನಾನು, ತನ್ನ ಕಡೆಯಿಂದ ಅಂತ ಇವನು.”

ಲೇಖಕ ಅಲ್ಲಿಯೇ ಮೂಟೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಎದ್ದು, ಬೆಲ್ಲದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ಬಂದದ್ದಕ್ಕಿಂತ ಬೇಗ ಬೇಗ ತನ್ನ ಊರಿನ ಕಡೆಗೆ ನಡೆದ.

ಮುಪ್ಪಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು.

ಗುರುಪಾದನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಗುರುಗಳೇ, ಆ ಸಂಪುಟ ಬಂತೇ?” ಎಂದು ಕೇಳಿದ.

“ಬಂತು, ಪೇಟೆಯವರೆಲ್ಲ ಮುಗಿಬಿದ್ದು ಓದಿದರು, ಆ ಅಣ್ಣತಮ್ಮಂದಿರಿಗೆ ಮಾತ್ರ ಇನ್ನೂ ಪುರುಸೊತ್ತಾಗಿಲ್ಲ.”