ಫಿರಂಗಿಯೊಳಗಿನ ನಡುಕ

“ಗುರುಗಳೇ, ಒಳಗೆ ನಡೆಯುವುದನ್ನು ಹೊರಗೆ ನಿಂತು ತಿಳಿಯಲು ಸಾಧ್ಯವೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಗಣಿತಜ್ಞೆ ಇದ್ದಳು. ದೊಡ್ಡ ಫಿರಂಗಿ ಹಾರಿಸುವಾಗ ಅದರೊಳಗೆ ಅನಿಲದ ಒತ್ತಡ ಹೇಗೆ ಏರಿಳಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಮದ್ದು ಹೊತ್ತಿ ಗುಂಡು ಹೊರಬೀಳುವುದು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಆ ಬೆಂಕಿಯೊಳಗೆ ಇಣುಕಿ ನೋಡಿದವರು ಯಾರೂ ಇಲ್ಲ. ಅದಕ್ಕೇ ಅವಳಿಗೆ ಆ ಕೆಲಸವೆಂದರೆ ಪ್ರೀತಿ.

ಒಮ್ಮೆ ಹೊಸ ಫಿರಂಗಿಯ ಲೆಕ್ಕ ಮಾಡಿದಳು. ಪರದೆಯ ಮೇಲೆ ಒತ್ತಡದ ಗೆರೆ ಏರಿ ಇಳಿಯಿತು. ಏರುವ ಕಡೆ ಮಾತ್ರ ಒಂದು ಸಣ್ಣ ನಡುಕವಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಇಂಥ ದೋಷ ಸಾಮಾನ್ಯವೆಂದುಕೊಂಡು ಅದನ್ನು ಒರೆಸಿ ಗೆರೆಯನ್ನು ನಯ ಮಾಡಿದಳು. ಮೇಲಧಿಕಾರಿ ನೋಡಿ ಮೆಚ್ಚಿಕೊಂಡರು.

ಪರೀಕ್ಷೆಯ ದಿನ ಫಿರಂಗಿ ಹಾರಿಸುವ ಹವಾಲ್ದಾರ, “ಮೇಡಂ, ದೂರದಿಂದ ಏನು ಕಾಣುತ್ತೆ? ಇಲ್ಲೇ ನಮ್ಮ ಜೊತೆ ನಿಲ್ಲಿ,” ಎಂದು ಮರ್ಯಾದೆಗೆ ಕರೆದ. ಅವಳ ಕಾಲು ಮುಂದಕ್ಕೆ ಹೋಗಲಿಲ್ಲ. ಯಾಕೆಂದು ಅವಳಿಗೇ ಆಶ್ಚರ್ಯವಾಯಿತು. ಆಗ ಆ ನಡುಕ ನೆನಪಾಯಿತು. ಅದು ದೋಷವಲ್ಲದಿದ್ದರೆ ಒಳಗೆ ಏನು ನಡೆಯುತ್ತಿರಬಹುದು?

“ಇವತ್ತು ಯಾರೂ ಹತ್ತಿರ ನಿಲ್ಲಬೇಡಿ,” ಎಂದಳು.

ಮೇಲಧಿಕಾರಿ ಸಿಟ್ಟಾದರು. ಅವಳು ಜಗ್ಗಲಿಲ್ಲ. ಅವಳು ಹೇಳಿದಂತೆ ಮದ್ದು ತುಂಬುವ ಜಾಗದ ಹಿಂದೊಂದು, ಮುಂದೊಂದು ಒತ್ತಡಮಾಪಕ ಕೂರಿಸಿದರು. ಎಲ್ಲರೂ ದೂರದ ಗೋಡೆಯ ಮರೆಗೆ ಹೋದ ಮೇಲೆ ಅಲ್ಲಿಂದಲೇ ಉದ್ದ ಹಗ್ಗ ಎಳೆದು ಗುಂಡು ಹಾರಿಸಿದರು.

ಮಾಪಕಗಳನ್ನು ನೋಡಿದರೆ, ಹಿಂದೆ ಒತ್ತಡ ಏರಿದಾಗ ಮುಂದೆ ಇಳಿದಿತ್ತು. ಮುಂದೆ ಏರಿದಾಗ ಹಿಂದೆ ಇಳಿದಿತ್ತು. ಸೊಂಟದ ಮೇಲಿನ ಕೊಡದಲ್ಲಿ ನೀರು ತುಳುಕುವಂತೆ ಅನಿಲ ಒಳಗೇ ಅತ್ತಿತ್ತ ಹೊಯ್ದಾಡಿತ್ತು. ಮದ್ದು ಒಂದೇ ತುದಿಯಿಂದ ಹೊತ್ತಿಕೊಂಡದ್ದು ಅದಕ್ಕೆ ಕಾರಣ. ಫಿರಂಗಿಯ ಹಿಂಭಾಗದ ಉಕ್ಕು ಬಿರುಕು ಬಿಟ್ಟಿತ್ತು. ಹವಾಲ್ದಾರ ಅದನ್ನು ಮುಟ್ಟಿ ನೋಡಿ, ತಾನು ನಿಲ್ಲಬೇಕಿದ್ದ ಜಾಗದತ್ತ ತಿರುಗಿದ.

ಮದ್ದು ಉದ್ದಕ್ಕೂ ಒಂದೇ ಸಲ ಹೊತ್ತುವಂತೆ ಅವಳು ಬದಲಾಯಿಸಿದಳು. ಹೊಯ್ದಾಟ ನಿಂತಿತು.

ಶಿಷ್ಯನ ಮುಖ ಅರಳಿತು. “ಅಂತೂ ಕೊನೆಗೆ ಅವಳಿಗೆ ಒಳಗಿನದು ಕಂಡಿತು!” ಎಂದ.

ಗುರು ಹೇಳಿದರು: “ಕಂಡದ್ದು ಮೊದಲೇ. ದೋಷವೆಂದು ತಾನೇ ಒರೆಸಿಬಿಟ್ಟಿದ್ದಳು.”