ಕೂಗದ ದಿನ

ಬೇಟೆಗಾರನೊಬ್ಬ ಗೌಜಲ ಹಕ್ಕಿಯ ಗಂಡುಮರಿಯೊಂದನ್ನು ಪಂಜರದಲ್ಲಿ ಸಾಕಿದ್ದ. ದಿನಾ ಬೆಳಿಗ್ಗೆ ಪಂಜರವನ್ನು ಪೊದೆಯ ಪಕ್ಕ ಇಟ್ಟು ಸುತ್ತಲೂ ಉರುಲು ಹಾಕುತ್ತಿದ್ದ. ಮರಿ ಒಂಟಿತನ ತಾಳಲಾರದೆ ಕೂಗುತ್ತಿತ್ತು. ಕೂಗು ಕೇಳಿ ಬಂದ ಹಕ್ಕಿಗಳು ಉರುಲಿಗೆ ಬೀಳುತ್ತಿದ್ದವು. ತನ್ನನ್ನು ಸಾಕಿದ್ದೇ ಇದಕ್ಕೆ ಎಂಬುದು ಪ್ರಾಯಕ್ಕೆ ಬಂದ ಮೇಲಷ್ಟೇ ಅವನಿಗೆ ತಿಳಿಯಿತು.

ಅಷ್ಟರಲ್ಲಿ ಹೊಲದ ಬದುವಿನಾಚೆಯ ಹೆಣ್ಣುಹಕ್ಕಿಯೊಂದು ದಿನವೂ ಅವನೊಡನೆ ಮಾತಾಡತೊಡಗಿತ್ತು.

"ಎಷ್ಟು ಚೆಂದ ಕೂಗುತ್ತೀಯ! ನೀನು ಯಾರು? ಅಲ್ಲಿಗೆ ಬರಲೇ?" ಎಂದಳು ಅವಳು.

"ಬೇಡ, ಅಲ್ಲಿಂದಲೇ ಮಾತಾಡು."

"ಯಾಕೆ?"

ನಿಜ ಗಂಟಲವರೆಗೆ ಬಂತು. ಹೇಳಿದರೆ ಅವಳು ತನ್ನನ್ನು ಕಂಡು ಅಸಹ್ಯಪಟ್ಟಾಳು ಎಂದು ಹೆದರಿ ನುಂಗಿಕೊಂಡ.

ಮರುದಿನ ಅವನು ಕೊಕ್ಕು ಬಿಚ್ಚಲೇ ಇಲ್ಲ. ಬೇಟೆಗಾರ ಕಡ್ಡಿಯಿಂದ ತಿವಿದರೂ ಕೂಗಲಿಲ್ಲ. ಕೂಗದಿದ್ದರೆ ಅವಳು ಬರುವುದಿಲ್ಲ, ಬದುಕಿಕೊಳ್ಳುತ್ತಾಳೆ. ತಾನು ಯಾರೆಂದು ಹೇಳುವ ಸಂಕಟವೂ ತಪ್ಪುತ್ತದೆ ಎಂದುಕೊಂಡ.

ಬಿಸಿಲೇರುವ ಹೊತ್ತಿಗೆ ಪೊದೆಯ ಬುಡದಲ್ಲಿ ರೆಕ್ಕೆ ಪಟಪಟನೆ ಬಡಿದ ಸದ್ದಾಯಿತು. ಉರುಲಿನಲ್ಲಿ ಕಾಲು ಸಿಕ್ಕಿಕೊಂಡ ಹೆಣ್ಣುಹಕ್ಕಿ ಏದುಸಿರು ಬಿಡುತ್ತ ಪಂಜರದತ್ತ ನೋಡಿತು.

"ಸದ್ಯ, ಚೆನ್ನಾಗಿದ್ದೀಯಲ್ಲ," ಎಂದಳು. "ಬೆಳಗಿನಿಂದ ನಿನ್ನ ದನಿಯೇ ಕೇಳಿಸಲಿಲ್ಲ. ನಿನಗೇನಾಯಿತೋ ಎಂದು ಓಡಿಬಂದೆ."