ಆಮೆ ಡಾಕ್ಟರ ಸಲಹೆ

ಕೆರೆ ದಂಡೆಯ ಆಮೆ ಮನಸ್ಸಿನ ಡಾಕ್ಟರೆಂದು ಹೆಸರು ಮಾಡಿತ್ತು. ಬಂದವರ ಗೋಳನ್ನು ಪೂರ್ತಿ ಕೇಳಿದ ಮೇಲೆಯೇ ಅದು ಬಾಯಿ ತೆರೆಯುತ್ತಿತ್ತು. ಒಂದು ದಿನ ಪತ್ರಿಕೆಯ ವರದಿಗಾರ ಕಾಗೆ ಬಂದು, "ಡಾಕ್ಟರೇ, ಭಯ ಹೋಗಲು ನಮ್ಮ ಓದುಗರಿಗೆ ಒಂದು ಸಲಹೆ ಕೊಡಿ" ಎಂದಿತು.

"ಯಾರಿಗೆ ಭಯ, ಯಾತರ ಭಯ? ಅವರನ್ನು ನೋಡದೆ ಹೇಗೆ ಹೇಳಲಿ?"

"ನೋಡುತ್ತ ಕೂರಲು ಸಮಯವಿಲ್ಲ. ಇರುವ ಜಾಗ ಎರಡೇ ಸಾಲು. ಪಕ್ಕದಲ್ಲಿ ನಿಮ್ಮ ಫೋಟೋ ಬರುತ್ತದೆ."

ಫೋಟೋ ಎಂದದ್ದೇ ತಡ, ಆಮೆಯ ಕತ್ತು ಎರಡಂಗುಲ ಹೊರಗೆ ಬಂತು. "ಹಾಗಾದರೆ ಬರೆದುಕೊಳ್ಳಿ. ಭಯವಾದಾಗ ತಲೆಯನ್ನು ಒಳಗೆಳೆದುಕೊಂಡು, ಕಣ್ಣು ಮುಚ್ಚಿ, ನೂರು ಉಸಿರು ಎಣಿಸಬೇಕು. ನಾನು ಐವತ್ತು ವರ್ಷದಿಂದ ಮಾಡುತ್ತಿದ್ದೇನೆ, ಏನೂ ಆಗಿಲ್ಲ."

ಪತ್ರಿಕೆ ಬಂದ ಮರುದಿನ ಅಳಿಲು ಅರ್ಧ ಬಾಲದೊಂದಿಗೆ ಬಂತು. ಕಾಗೆಯೂ ಅಲ್ಲೇ ಕೊಂಬೆಯ ಮೇಲಿತ್ತು.

"ಬೆಕ್ಕು ಬಂದಾಗ ನೀವು ಹೇಳಿದಂತೆಯೇ ಮಾಡಿದೆ, ಡಾಕ್ಟರೇ. ಹನ್ನೊಂದನೇ ಉಸಿರಿಗೆ ಬಾಲ ಹೋಯಿತು."

"ಅದು ಚಿಪ್ಪಿದ್ದವರು ಮಾಡುವುದಲ್ಲವೇ, ಮಾರಾಯ?"

"ಪತ್ರಿಕೆಯಲ್ಲಿ ಹಾಗಂತ ಇರಲಿಲ್ಲ."

"ಡಾಕ್ಟರೂ ಹಾಗಂತ ಹೇಳಲಿಲ್ಲ" ಎಂದಿತು ಕಾಗೆ. "ಆದರೂ ಸಲಹೆಯನ್ನು ಒಬ್ಬ ಓದುಗರು ಬಹಳ ಮೆಚ್ಚಿದ್ದಾರೆ. ದಿನವೂ ಪ್ರಕಟಿಸಿ ಎಂದು ಪತ್ರ ಬರೆದಿದ್ದಾರೆ."

"ಯಾರವರು?" ಆಮೆಯ ಕತ್ತು ಮತ್ತೆ ಉದ್ದವಾಯಿತು.

"ಬೆಕ್ಕು."

ಅಳಿಲು ಆಮೆಯನ್ನೇ ನೋಡುತ್ತ ನಿಂತಿತು. ಆಮೆ ತಲೆಯನ್ನು ಒಳಗೆಳೆದುಕೊಂಡು, ಕಣ್ಣು ಮುಚ್ಚಿ, ಉಸಿರು ಎಣಿಸತೊಡಗಿತು. ನೂರು ಮುಗಿದರೂ ಅದಕ್ಕೆ ಏನೂ ಆಗಲಿಲ್ಲ.